ಅಮ್ಮ ಪಾತ್ರೆ ತೊಳೆಯುವ ವಿಷಯ

ಘಣಸೋಲಿ, ನವಿಮುಂಬಯಿ
ಭಾನುವಾರ, ೧೮ ಸೆಪ್ಟೆಂಬರ್ ೨೦೧೧

ಪ್ರೀತಿಯ ಅಪರ್ಣಾ,

ನಿನಗೂ ಅನೀಶನಿಗೂ ಅಪ್ಪನ ಆಶೀರ್ವಾದ. ಹೇಗಿದ್ದೀರಿ? ಮಸ್ಕತ್ತಿನ ಸೆಕೆ ಸ್ವಲ್ಪವಾದರೂ ಇಳಿಯಿತೇ? ಅನೀಶನ ಬೆನ್ನುನೋವು ಈಗ ಹೇಗಿದೆ? ಕಾರು ಓಡಿಸುವಾಗ ಸೊಂಟದ ಹಿಂದೆ ಸಣ್ಣ ದಿಂಬು ಇಟ್ಟುಕೊಳ್ಳಲು ಹೇಳು, ಅಳಿಯಂದಿರು ಮಾವನ ಮಾತು ಕೇಳುವುದು ಕಡಿಮೆ, ಆದರೂ ಹೇಳು. ನೀನು ಪಾಠ ಹೇಳಲು ಶಾಲೆಗೆ ಹೊರಡುವ ಅವಸರದಲ್ಲಿ ಬೆಳಗಿನ ತಿಂಡಿ ಬಿಡುತ್ತೀ ಎಂದು ನನಗೆ ಗೊತ್ತು. ಬಿಡಬೇಡ. ಇಷ್ಟು ಬರೆದ ಮೇಲೆ ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಏಳು ತಿಂಗಳಿಂದ ಫೋನಿನಲ್ಲಿ ನಾನು ಅದನ್ನೇ ಹೇಳುತ್ತಾ ಬಂದಿದ್ದೇನೆ. ಈ ಕಾಗದದಲ್ಲಿ ಆ ಸಾಲು ಬಿಟ್ಟಿದ್ದೇನೆ, ಮರೆತು ಬಿಟ್ಟದ್ದಲ್ಲ. ನನ್ನ ಜೊತೆ ಠಾಣೆಯ ಹೋಟೆಲಿನಲ್ಲಿ ಇದ್ದ ಯೋಗೀಶನಿಗೆ ನಿಮ್ಮ ಮಸ್ಕತ್ತಿನಲ್ಲೇ ಕೆಲಸ ಸಿಕ್ಕಿದೆ. ಮಂಗಳವಾರ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ.

ಬುಧವಾರ ಸಂಜೆ ನೀನು ಆಡಿದ ಮಾತು ನನ್ನ ಎದೆಯಿಂದ ಇನ್ನೂ ಇಳಿದಿಲ್ಲ. "ತಲೆಯಲ್ಲಿ ಗಡ್ಡೆ ಇದ್ದವಳ ಕೈಯಲ್ಲಿ ಪಾತ್ರೆ ತೊಳೆಸ್ತೀರಂತೆ, ನಿಮ್ಗೆ ಹೇಗೆ ಮನಸ್ಸು ಬರ್ತದೆ ಅಪ್ಪಾ" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ನಾನು ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ. ನಿನಗೆ ಸುದ್ದಿ ಕೊಟ್ಟದ್ದು ಎದುರು ಮನೆಯ ಪ್ರಫುಲ್ಲಾ ಎಂದು ಊಹಿಸುವುದಕ್ಕೆ ದೊಡ್ಡ ಬುದ್ಧಿ ಬೇಕಾಗಿಲ್ಲ. ನಮ್ಮ ಅಡುಗೆಮನೆಯ ಕಿಟಕಿ ಅವಳ ಪ್ಯಾಸೇಜಿಗೆ ತೆರೆಯುತ್ತದಲ್ಲ, ಅಲ್ಲಿಂದ ಕಂಡಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕಂಡದ್ದನ್ನೇ ಹೇಳಿದ್ದಾಳೆ. ಹೌದು ಮಗಳೇ, ನಿನ್ನಮ್ಮ ದಿನಾ ಬೆಳಗ್ಗೆ ಸಿಂಕಿನ ಎದುರು ನಿಂತು ನಾಲ್ಕು ಪಾತ್ರೆ ತೊಳೆಯುತ್ತಾಳೆ. ನಾನು ಅಲ್ಲೇ ನಿಂತು ನೋಡುತ್ತೇನೆ, ಕೈ ಹಾಕುವುದಿಲ್ಲ. ಅದು ಹೇಗೆ ಅಲ್ಲಿಗೆ ಬಂದು ಮುಟ್ಟಿತು ಎಂದು ಹೇಳಬೇಕು. ಫೋನಿನಲ್ಲಿ ನನ್ನಿಂದ ಆಗುವುದಿಲ್ಲ. ಈ ಎರಡು ಕೋಣೆಯ ಮನೆಯಲ್ಲಿ ಪಿಸುಮಾತು ಆಡಿದರೂ ಅವಳಿಗೆ ಕೇಳುತ್ತದೆ, ಮೇಲಿಂದ ನೀನು ಅರ್ಧಕ್ಕೇ ಫೋನ್ ಇಟ್ಟುಬಿಡುತ್ತೀ.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು, ನೀನು ಬಂದು ಹದಿನೈದು ದಿನ ಇದ್ದು ಹೋದೆ. ಆಮೇಲೆ ಆರು ವಾರ ರೇಡಿಯೇಶನ್. ಎಡಗೈ ಎಡಗಾಲು ಸೋತದ್ದು, ತನ್ನ ಎಡಗಡೆ ಯಾರು ನಿಂತರೂ ಅವಳ ಗಮನಕ್ಕೆ ಬಾರದಿರುವುದು, ಇದೆಲ್ಲ ನೀನು ಕಂಡದ್ದೇ. ನೀನು ಹೋಗುವಾಗ ರಿಕ್ಷಾದಲ್ಲಿ ಕೂತು "ಅಮ್ಮನನ್ನು ಚಂದ ನೋಡಿಕೊಳ್ಳಿ" ಎಂದಿದ್ದೆ. ನೋಡಿಕೊಳ್ಳುವುದೆಂದರೆ ಏನು? ಮೂವತ್ತೊಂದು ವರ್ಷ ಉಡುಪಿ ಹೋಟೆಲಿನಲ್ಲಿ ದುಡಿದವನು ನಾನು. ಹತ್ತು ವರ್ಷ ಸಪ್ಲೈಯರ್, ಉಳಿದದ್ದು ಮ್ಯಾನೇಜರ್. ಗಿರಾಕಿ ಕೂತಲ್ಲಿಂದ ಏಳಬಾರದು, ಬಾಯಿ ಬಿಟ್ಟು ಕೇಳಬಾರದು, ಕೇಳುವ ಮೊದಲೇ ನೀರು ಎದುರಿಗೆ ಬಂದಿರಬೇಕು. ನನಗೆ ಗೊತ್ತಿರುವ ಪ್ರೀತಿ ಅಷ್ಟೇ. ಇದೇ ನಾನು ಮನೆಯಲ್ಲಿ ಮೂವತ್ತು ವರ್ಷ ಒಂದು ಲೋಟ ನೀರಿಗೂ ಎದ್ದವನಲ್ಲ, ಅದು ನಿನಗೂ ಗೊತ್ತು. ನಿನ್ನಮ್ಮನೇ ತಂದುಕೊಡುತ್ತಿದ್ದಳು. ಆ ಋಣ ಒಂದೇ ವರ್ಷದಲ್ಲಿ ತೀರಿಸಿಬಿಡುತ್ತೇನೆ ಎಂದು ಹೊರಟೆ. ಹೋಟೆಲಿನ ಕೆಲಸ ಬಿಟ್ಟು ಮನೆಯನ್ನೇ ಹೋಟೆಲು ಮಾಡಿದೆ. ಬೆಳಗ್ಗೆ ಆರಕ್ಕೆ ಮುಖ ತೊಳೆಯಲು ಬಿಸಿನೀರು ಮಂಚಕ್ಕೆ, ಆರೂವರೆಗೆ ಕಾಫಿ, ಎಂಟಕ್ಕೆ ಇಡ್ಲಿ, ಹತ್ತಕ್ಕೆ ಎಳನೀರು. ಹೆಗಲ ಮೇಲೆ ಬಿಳಿ ವಸ್ತ್ರ, ಕೈಯಲ್ಲಿ ಟ್ರೇ. ಬಾಯಿ ಒರೆಸುವುದೂ ನಾನೇ, ಕೂದಲು ಬಾಚುವುದೂ ನಾನೇ. ಮಂಚದ ಪಕ್ಕದಲ್ಲೇ ಕಮೋಡಿನ ಕುರ್ಚಿ. ಅವಳು ಕಾಲು ಕೆಳಗಿಡಲು ನೋಡಿದರೆ ನಾನು ಎಲ್ಲಿದ್ದರೂ ಓಡಿ ಬರುತ್ತಿದ್ದೆ. ಬಂದವರೆಲ್ಲ ಹೊಗಳಿದರು. ಪುಂಡರೀಕಾಕ್ಷನಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಪ್ರಫುಲ್ಲಾ ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ಬಂದಳು. ನಾನು ಉಬ್ಬಿಹೋದೆ. ನಿನಗೂ ಫೋನಿನಲ್ಲಿ ಕೊಚ್ಚಿಕೊಂಡದ್ದು ನೆನಪಿರಬಹುದು.

ನಿನ್ನಮ್ಮ ಮಾತು ಕಡಿಮೆ ಮಾಡಿದಳು. ಅದು ರೋಗದ್ದು ಎಂದುಕೊಂಡೆ. ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದೂ ರೋಗದ್ದು. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಉಬ್ಬಿತು, ತೊಡೆ ಮಾತ್ರ ದಿನದಿಂದ ದಿನಕ್ಕೆ ಸಣಕಲಾಗುತ್ತಾ ಬಂತು. ಜೂನ್ ಹೊತ್ತಿಗೆ ಕುರ್ಚಿಯಿಂದ ಏಳಬೇಕಾದರೆ ನಾನು ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಬೇಕಾಯಿತು. ಒಂದು ದಿನ ಗ್ಯಾಸ್ ಸಿಲಿಂಡರಿನವನು ಕೆಳಗೆ ಗೇಟಿನಲ್ಲಿ ಜಗಳ ತೆಗೆದ, ಹತ್ತು ನಿಮಿಷ ತಡವಾಯಿತು. ಮೇಲೆ ಬಂದು ನೋಡಿದರೆ ಮಂಚ ಖಾಲಿ. ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ಮಂಚದಿಂದ ಅಲ್ಲಿಯವರೆಗೆ ತೆವಳಿಕೊಂಡು ಬಂದಿದ್ದಾಳೆ, ಸೀರೆಯ ಒಂದು ಮಗ್ಗುಲಿಗೆಲ್ಲ ಧೂಳು. ತರಕಾರಿ ಬುಟ್ಟಿ ಮಗುಚಿದೆ. ಬಲಗೈಯಲ್ಲಿ ಅಲಸಂಡೆ ಮುರಿಯುತ್ತಿದ್ದಾಳೆ, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ನಾನು ಬೈದೆ ಅಪರ್ಣಾ. ಸುಳ್ಳು ಯಾಕೆ ಹೇಳಲಿ, ಕೂಗಿ ಬೈದೆ. ಇಷ್ಟೆಲ್ಲಾ ಮಾಡುತ್ತಿದ್ದೇನೆ, ನಿನಗೆ ಏನು ಕಡಿಮೆಯಾಗಿದೆ ಎಂದು ಕೇಳಿದೆ. ಅವಳು ಅಲಸಂಡೆ ಕೆಳಗಿಟ್ಟು ನನ್ನ ಮುಖ ನೋಡಿ, "ನಾನೆಂತ ನಿಮ್ಮ ಹೋಟೆಲಿನ ಗಿರಾಕಿಯಾ? ಗಿರಾಕಿ ಉಂಡು ಎದ್ದು ಹೋಗುವವ. ನಾನು ಇಲ್ಲಿಯವಳು, ಮಾರಾಯ್ರೆ" ಅಂದಳು. ಅಂದು ಅತ್ತಳು. ಆಪರೇಷನ್ ದಿನವೂ ಅಳದವಳು ಅವತ್ತು ಅತ್ತಳು. ನಾನು ಅವಳನ್ನು ಎತ್ತಿ ಮತ್ತೆ ಮಂಚಕ್ಕೇ ಹಾಕಿದೆ. ನನಗೆ ಆಗಲೂ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಆಸ್ಪತ್ರೆಯಲ್ಲಿ. ಆ ತಿಂಗಳ ಕೊನೆಗೆ ಚೆಕಪ್‌ಗೆ ಹೋದಾಗ ಡಾಕ್ಟರು ಅವಳ ತೊಡೆ ಮುಟ್ಟಿ ನೋಡಿ, ದಿನಕ್ಕೆ ಎಷ್ಟು ನಡೆಯುತ್ತಾರೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಎದೆ ಸೆಟೆಸಿ, ಒಂದು ಹೆಜ್ಜೆಯೂ ಇಲ್ಲ ಸಾಹೇಬ್ರೆ, ಎಲ್ಲಾ ಕೂತಲ್ಲಿಗೇ ಕೊಡುತ್ತೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಹೇಳಿದರು: ಕೈಕಾಲು ಸೋತದ್ದು ಅರ್ಧ ಗಡ್ಡೆಯಿಂದ. ಇನ್ನರ್ಧ ಮಾತ್ರೆಯಿಂದ ಮತ್ತು ಮಂಚದಿಂದ. ನಡೆದರೆ ಗಡ್ಡೆ ಕರಗುತ್ತದೆ ಎಂದು ನಾನು ಹೇಳುವುದಿಲ್ಲ, ಕರಗುವುದಿಲ್ಲ. ಆದರೆ ಇರುವಷ್ಟು ದಿನ ಆಯಾಸ ಕಡಿಮೆಯಾಗಿ, ತನ್ನ ಮೈ ತನ್ನ ಮಾತು ಕೇಳುತ್ತದೆ ಎಂದು ಅವರಿಗೆ ಅನಿಸುತ್ತದೆ. ಅದೂ ದೊಡ್ಡದೇ ಎಂದರು. ಪನ್ವೇಲ್ ಲೋಕಲಿನಲ್ಲಿ ವಾಪಸು ಬರುವಾಗ ಅಂಗವಿಕಲರ ಡಬ್ಬಿಯಲ್ಲಿ ನಿನ್ನಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಾನು ಅವಳ ತೊಡೆಯನ್ನೇ ನೋಡುತ್ತಾ ಕೂತೆ. ಐದು ತಿಂಗಳ ನನ್ನ ಸೇವೆ ಅಲ್ಲಿ ಕಾಣುತ್ತಿತ್ತು. ಅವತ್ತು ನನ್ನ ಮೇಲೆ ನನಗೆ ಬಂದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಡಾಕ್ಟರೇ ರಮಿತಾ ಎಂಬ ಹುಡುಗಿಯ ನಂಬರು ಕೊಟ್ಟರು. ಮನೆಗೇ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವಳು. ವಿಠ್ಠಲವಾಡಿಯವಳು, ತಂದೆ ಕಾರ್ಕಳದ ಕಡೆಯವರು, ಕನ್ನಡ ಅರ್ಧ ದಾರಿಗೆ ಬಂದು ಹಿಂದಿಗೆ ತಿರುಗುತ್ತದೆ. ಮೊದಲ ದಿನ ನಾನು ಅವಳಿಗೂ ಟ್ರೇಯಲ್ಲಿ ಕಾಫಿ ಹಿಡಿದುಕೊಂಡು ಹೋದೆ. ಅವಳು ನಕ್ಕು, "ಅಂಕಲ್, ನೀವು ಆಂಟಿಗೆ ಎಷ್ಟು ಮಾಡ್ತೀರಿ, ದಿಖ್ತಾ ಹೈ, ಕಾಣ್ತದೆ. ಲೇಕಿನ್ ಕಾಲಿನ ಕೆಲಸ ಕಾಲೇ ಮಾಡ್ಬೇಕು ನಾ, ಟ್ರೇ ಮಾಡೂದಿಲ್ಲ" ಅಂದಳು. ಆಮೇಲೆ ಆಂಟಿಗೆ ಏನು ಮಾಡಲಿಕ್ಕೆ ಇಷ್ಟ ಎಂದು ಕೇಳಿದಳು. ಭಜನೆ ಕೇಳುವುದು ಎಂದು ನಾನು ಉತ್ತರ ಕೊಟ್ಟೆ. "ಅಂಕಲ್, ಆಂಟಿಗೆ ಬಾಯುಂಟು" ಎಂದು ನನ್ನನ್ನು ಸುಮ್ಮನಿರಿಸಿದಳು. ನಿನ್ನಮ್ಮ "ಪಾತ್ರೆ ತೊಳೀಲಿಕ್ಕೆ" ಅಂದಳು. ನಮಗಿಬ್ಬರಿಗೂ ಆಶ್ಚರ್ಯ. ನೀರು ಬಿಟ್ಟುಕೊಂಡು ನಿಂತರೆ ಯಾರೂ ಮಾತಾಡಿಸುವುದಿಲ್ಲ, ತಲೆ ಹಗುರಾಗುತ್ತದೆ, ಮದುವೆಯಾದಾಗಿನಿಂದ ತನಗೆ ಅದೇ ಪುರುಸೊತ್ತು ಎಂದಳು. ಮೂವತ್ತು ವರ್ಷ ಜೊತೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ ನೋಡು.

ಹಾಗೆ ಶುರುವಾಯಿತು. ಮೊದಲು ಕುರ್ಚಿಯಿಂದ ಎದ್ದು ಕೂರುವುದು, ಮೂರು ಸಲ, ಆಮೇಲೆ ಐದು, ಈಗ ಒಳ್ಳೆಯ ದಿನ ಹತ್ತು. ಆಮೇಲೆ ಪ್ಯಾಸೇಜಿನಲ್ಲಿ ಲಿಫ್ಟಿನವರೆಗೆ ಹೋಗಿ ಬರುವುದು. ಆಮೇಲೆ ಸಿಂಕು. ಗಾಜಿನದೆಲ್ಲ ಎತ್ತಿಟ್ಟೆ, ಸ್ಟೀಲಿನದು ಮಾತ್ರ. ಎಡಗೈಯಲ್ಲಿ ಲೋಟ ಹಿಡಿಯಬೇಕು, ಬಲಗೈಯಲ್ಲಿ ಉಜ್ಜಬೇಕು. ಲೋಟ ಜಾರುತ್ತದೆ, ಮತ್ತೆ ಹಿಡಿಯುತ್ತಾಳೆ, ಮತ್ತೆ ಜಾರುತ್ತದೆ. ಪ್ರಫುಲ್ಲಾ ಕಿಟಕಿಯಿಂದ ಕಂಡದ್ದು ಇದನ್ನೇ. ನಾಲ್ಕು ಪಾತ್ರೆಗೆ ಮುಕ್ಕಾಲು ಗಂಟೆ. ನನ್ನ ಅವಸ್ಥೆ ಕೇಳು: ಆರನೇ ಟೇಬಲಿನವನು ಕತ್ತು ಎತ್ತಿದರೆ ಸಾಂಬಾರು ಬೇಕೋ ಬಿಲ್ಲು ಬೇಕೋ ಎಂದು ದೂರದಿಂದಲೇ ತಿಳಿಯುತ್ತಿದ್ದವನು ನಾನು. ಈಗ ಕಣ್ಣೆದುರಿಗೇ ಅವಳ ಕೈ ನಡುಗುವಾಗ ನೋಡಿಯೂ ನೋಡದ ಹಾಗೆ ನಿಲ್ಲಬೇಕು. ಬೀಳುವ ಹಾಗಾದರೆ ಮಾತ್ರ ಹಿಡಿಯಬೇಕೆಂದು ರಮಿತಾ ಅಮ್ಮನ ಸೊಂಟಕ್ಕೆ ಕಟ್ಟುವ ಒಂದು ಅಗಲ ಪಟ್ಟಿ ಕೊಟ್ಟಿದ್ದಾಳೆ, ಅದರ ತುದಿ ನನ್ನ ಕೈಯಲ್ಲಿರುತ್ತದೆ. ಅಷ್ಟೇ ನನ್ನ ಉದ್ಯೋಗ. ಇಡೀ ಜನ್ಮದಲ್ಲಿ ಇಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ.

ಇನ್ನು ನಿನ್ನಿಂದ ಮುಚ್ಚಿಟ್ಟ ಒಂದು ವಿಷಯ ಹೇಳಿಬಿಡುತ್ತೇನೆ. ಆಗಸ್ಟ್ ತಿಂಗಳಲ್ಲಿ ಲಿಫ್ಟಿನ ಹತ್ತಿರ ಅವಳಿಗೆ ಫಿಟ್ಸ್ ಬಂತು. ಪಟ್ಟಿ ನನ್ನ ಕೈಯಲ್ಲೇ ಇತ್ತು, ಆದರೂ ಹಣೆ ಲಿಫ್ಟಿನ ಕಬ್ಬಿಣದ ಬಾಗಿಲಿಗೆ ಬಡಿಯಿತು. ಮೂರು ಹೊಲಿಗೆ. ಫೋಟೋದಲ್ಲಿ ಕಂಡು ನೀನು ಕೇಳಿದ ಗಾಯ ಸೊಳ್ಳೆ ಕಚ್ಚಿ ಕೆರೆದದ್ದಲ್ಲ. ಅವತ್ತು ನಾನೂ ವಾಚ್‌ಮನ್ನೂ ಅವಳನ್ನು ಎತ್ತಿಕೊಂಡು ಬಂದೆವು, ಪ್ರಫುಲ್ಲಾ ನನಗೆ ಬಾಯಿಗೆ ಬಂದದ್ದು ಬೈದಳು. ನಾನು ರಮಿತಾಳಿಗೆ ಫೋನ್ ಮಾಡಿ ನಾಳೆಯಿಂದ ಬರಬೇಡ ಎಂದುಬಿಟ್ಟೆ. ಮರುದಿನ ಬಿಸಿನೀರಿನ ಟ್ರೇ ಹಿಡಿದುಕೊಂಡು ಹೋದರೆ ನಿನ್ನಮ್ಮ ಮುಖ ತಿರುಗಿಸಿದಳು. "ಬಿದ್ದದ್ದು ನಾನು. ಹೆದರಿದ್ದು ನೀವು. ನಿಮ್ಮ ಹೆದರಿಕೆಗೆ ನನ್ನನ್ನು ಯಾಕೆ ಮಲಗಿಸ್ತೀರಿ" ಅಂದಳು. ಡಾಕ್ಟರು ಫಿಟ್ಸಿನ ಮಾತ್ರೆ ಹೆಚ್ಚಿಸಿದರು, ಒಂದು ವಾರ ಸುಧಾರಿಸಿಕೊಳ್ಳಲಿ, ಆಮೇಲೆ ಮುಂದುವರಿಸಿ ಎಂದರು. ರಮಿತಾಳಿಗೆ ನಾನು ಕ್ಷಮೆ ಕೇಳಿ ಮತ್ತೆ ಕರೆಸಿದೆ. ನನ್ನ ತಪ್ಪೋ ಸರಿಯೋ ಇವತ್ತಿಗೂ ಗೊತ್ತಿಲ್ಲ. ಇನ್ನೊಮ್ಮೆ ಬೀಳುವುದಿಲ್ಲ ಎಂದು ನಿನಗೆ ಮಾತು ಕೊಡಲಾರೆ.

ಒಂದು ಒಳ್ಳೆಯ ದಿನವನ್ನೂ ಹೇಳುತ್ತೇನೆ, ಇದೊಂದೇ ಇರುವುದು. ಚೌತಿ ಕಳೆದ ಮೇಲೆ ಒಂದು ಸಂಜೆ ಮಳೆ ಬಿಟ್ಟಿತ್ತು. ಅವಳು ಕೆಳಗೆ ಬರುತ್ತೇನೆ ಎಂದಳು. ಗೇಟಿನ ಹೊರಗೆ ಹಳೇ ಗಾಂವ್‌ನಿಂದ ಬಂದು ಕೂರುವ ತರಕಾರಿ ಮಾರುವ ಮರಾಠಿ ಹೆಂಗಸು ಮಾವಶಿ ಇದ್ದಾಳಲ್ಲ, ಅಲ್ಲಿಯವರೆಗೆ ಲಿಫ್ಟಿನಿಂದ ನಲವತ್ತು ಹೆಜ್ಜೆ. ಮೂರು ಕಡೆ ನಿಂತು ನಿಂತು ಹೋದೆವು. ನಿನ್ನಮ್ಮ ಹೀರೆಕಾಯಿ ಎತ್ತಿ, ಎಳೆಯದೋ ಬಲಿತದ್ದೋ ಎಂದು ಹಳೇ ಅಭ್ಯಾಸದಲ್ಲಿ ಉಗುರು ಚುಚ್ಚಿದಳು. ಮಾವಶಿ ಕೈಗೇ ಒಂದು ಏಟು ಕೊಡುವ ಹಾಗೆ ಮಾಡಿ, "ನಖ ನಕೋ ಲಾವೂ ಬಾಯಿ, ಘ್ಯಾಯ್ಚ ತರ ಘ್ಯಾ" ಎಂದು ಗದರಿದಳು. ಉಗುರು ಹಚ್ಚಬೇಡ, ತಗೊಳ್ಳುವುದಾದರೆ ತಗೋ ಅಂತ. ನನಗೆ ರಕ್ತ ಕುದಿಯಿತು, ಇವಳ ಸ್ಥಿತಿ ಗೊತ್ತಾ ನಿನಗೆ ಎಂದು ಕೇಳಲು ಬಾಯಿ ತೆರೆದೆ. ನಿನ್ನಮ್ಮ ನನ್ನ ಅಂಗಿ ಹಿಡಿದು ಎಳೆದಳು. ಮಾವಶಿಯ ಜೊತೆ ತಾನೇ ಮರಾಠಿಯಲ್ಲಿ ಜಗಳ ಆಡಿದಳು, ಮಾತು ತೊದಲಿದರೂ ಬಿಡಲಿಲ್ಲ. ಮೇಲೆ ಬಂದು ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಾ, "ಫೆಬ್ರವರಿಯಿಂದ ನನ್ಗೆ ಯಾರೂ ಹೀಗೆ ಜೋರು ಮಾಡಿದ್ದೇ ಇಲ್ಲ" ಎಂದು ನಕ್ಕಳು. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಎಲ್ಲದಕ್ಕೂ ಆಯ್ತು ಅನ್ನುತ್ತಾರೆ, ಅದನ್ನು ಕೇಳಿದಾಗಲೆಲ್ಲ ತಾನು ಆಗಲೇ ಸತ್ತ ಹಾಗೆ ಅನಿಸುತ್ತದೆ ಎಂದಳು. ಆ ಹೀರೆಕಾಯಿ ಬಲಿತದ್ದೇ ಆಗಿತ್ತು, ನಾರು ನಾರು. ಇಬ್ಬರೂ ಪಲ್ಯ ಮಾಡಿ ಮುಗಿಸಿದೆವು.

ಇದನ್ನು ಓದಿ ಅಮ್ಮ ಗುಣವಾಗುತ್ತಿದ್ದಾಳೆ ಎಂದು ಮಾತ್ರ ತಿಳಿಯಬೇಡ. ಕೆಲವು ದಿನ ಕಣ್ಣು ಬಿಡುವುದಕ್ಕೇ ಅವಳಿಗೆ ಶಕ್ತಿ ಇರುವುದಿಲ್ಲ. ಅಂಥ ದಿನ ಮಲಗಿದ್ದಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಾಳೆ, ಅಷ್ಟೇ. ನಿನ್ನ ಹೆಸರು ನೆನಪಾಗದೆ ಒಂದು ಮಧ್ಯಾಹ್ನವಿಡೀ ಒದ್ದಾಡಿದಳು, ನಾನು ಹೇಳಿಕೊಟ್ಟರೆ ಬೇಡ, ತಾನೇ ಹುಡುಕುತ್ತೇನೆ ಎಂದಳು. ಸಂಜೆ ಸಿಕ್ಕಿತು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ. ನೀನು ಆಸ್ಪತ್ರೆಯ ಮಂಚವನ್ನೂ ಹಗಲು ರಾತ್ರಿಯ ಆಯಾಳನ್ನೂ ಗೊತ್ತುಮಾಡುತ್ತೇನೆ ಎಂದಿದ್ದೀ. ಅದು ಬೇಕಾಗುವ ಕಾಲ ಬಂದೇ ಬರುತ್ತದೆ, ಆಗ ನಾನೇ ಕೇಳುತ್ತೇನೆ, ನಾಚಿಕೆ ಪಡುವುದಿಲ್ಲ. ಆದರೆ ಈಗಲೇ ತರಿಸಿ ಅವಳನ್ನು ಮಲಗಿಸಬೇಡ. ಅವಳಿಗೆ ಉಳಿದಿರುವುದು ಈ ನಾಲ್ಕು ಪಾತ್ರೆ. ಅದನ್ನು ಅವಳ ಕೈಯಿಂದ ನಾನು ಒಮ್ಮೆ ಕಿತ್ತುಕೊಂಡಿದ್ದೆ. ನೀನು ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತೀ, ನಾನು ಮಾಡಿದ್ದೂ ಹಾಗೆಯೇ. ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದನ್ನು ತಡೆದುಕೊಳ್ಳುತ್ತೇನೆ.

ಅಮ್ಮ ಅಲ್ಲಿಂದ, ಎಂತ ಅಷ್ಟುದ್ದ ಬರೀತಿದ್ದೀರಿ ಎಂದು ಕೇಳುತ್ತಿದ್ದಾಳೆ. ಅವಳ ಆಶೀರ್ವಾದವನ್ನೂ ಸೇರಿಸಬೇಕಂತೆ, ಅನೀಶನಿಗೆ ಬೆನ್ನಿಗೆ ಹಚ್ಚಲು ಒಂದು ಶೀಶೆ ತೈಲ ಯೋಗೀಶನ ಹತ್ತಿರ ಇದೆ. ನೀನು ದಪ್ಪಗಾದರೂ ಅಡ್ಡಿಯಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ದೇವರು ನಿಮ್ಮಿಬ್ಬರ ಕೈಕಾಲು ಗಟ್ಟಿಯಾಗಿಟ್ಟಿರಲಿ. ಬೇರೆ ಏನನ್ನೂ ಬೇಡಲು ನನಗೀಗ ತೋಚುವುದಿಲ್ಲ.

ನಿನ್ನ ಅಪ್ಪ,
ಪುಂಡರೀಕಾಕ್ಷ

ತಾ.ಕ.: ಬರೆದು ಮುಗಿಸಿದ ಮೇಲೆ ಮುಚ್ಚಿಡುವುದು ಸಾಕು ಎನಿಸಿ, ಇಲ್ಲಿಯವರೆಗಿನದನ್ನು ಅವಳಿಗೆ ಓದಿ ಹೇಳಿದ್ದೇನೆ. ಮುಂದಿನದು ಅವಳು ಬರೆಯಬೇಡಿ ಎಂದದ್ದು. ಶುಕ್ರವಾರ ಡಾಕ್ಟರು ಹೊಸ ಸ್ಕ್ಯಾನ್ ನೋಡಿದರು. ಗಡ್ಡೆ ಮತ್ತೆ ಬೆಳೆದಿದೆ, ಬಲಗಡೆಯದು ಈಗ ಎಡಕ್ಕೂ ದಾಟಿದೆ. ಇನ್ನೊಂದು ಆಪರೇಷನ್ ಬೇಡ ಎಂದರು. ಅಮ್ಮನಿಗೆ ಎಲ್ಲ ಗೊತ್ತು, ಅವಳ ಎದುರಿಗೇ ಹೇಳಿದ್ದು. ನಿನ್ನ ಶಾಲೆಯ ಪರೀಕ್ಷೆ ಮುಗಿಯಲಿ, ಓಡಿ ಬರುವುದು ಬೇಡ ಎಂದು ಅವಳ ಹಟ. ನಾನು ಹೇಳುತ್ತೇನೆ, ದೀಪಾವಳಿಗೆ ಕಾಯಬೇಡ, ಈ ವಾರವೇ ಹೊರಡು. ಇನ್ನೊಂದು. ಬಂದಾಗ ಬೆಲ್ ಒಂದೇ ಸಲ ಒತ್ತು. ನಿನ್ನ ಹತ್ತಿರ ಕೀಲಿಕೈ ಇದೆ, ತೆಗೆಯಬೇಡ. ಪ್ರಫುಲ್ಲಾ ತನ್ನ ಮನೆಗೆ ಕರೆದರೂ ಹೋಗಬೇಡ. ಮಗಳಿಗೆ ಬಾಗಿಲು ತಾನೇ ತೆಗೆಯಬೇಕೆಂದು ಅಮ್ಮ ದಿನಾ ಕುರ್ಚಿಯಿಂದ ಎದ್ದು ಬಾಗಿಲವರೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ವಾರ ನಾಲ್ಕು ನಿಮಿಷ ಸಾಕಾಗುತ್ತಿತ್ತು, ಇವತ್ತು ಏಳು ಹಿಡಿಯಿತು. ನೀನು ಬರುವಾಗ ಎಷ್ಟಾಗುತ್ತದೋ ಗೊತ್ತಿಲ್ಲ. ಒಳಗಿಂದ ಚಪ್ಪಲಿಯ ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ನಾನು ಒಳಗೇ ಇರುತ್ತೇನೆ, ಆದರೆ ತೆಗೆಯುವುದಿಲ್ಲ. ಅಮ್ಮಾ ಎಂದು ಕೂಗಬೇಡ, ಅವಸರ ಮಾಡುತ್ತಾಳೆ. ಎಷ್ಟು ಹೊತ್ತಾದರೂ ಹೊರಗೇ ನಿಂತಿರು ಮಗಳೇ, ಅವಳು ಬರುತ್ತಾಳೆ.